ಎರಡು ಕಣ್ಣಿನ ಸವತಿ

ನಾನು ಮದುವೆಯಾಗಿ ತಮಿಳುನಾಡಿನ ಕಂಬೈನಲ್ಲೂರಿನ ಹತ್ತಿರ, ಕುರಿ ಕಾಯುವ ನಮ್ಮ ಕನ್ನಡದವರೇ ಇದ್ದ ಆ ಹಳ್ಳಿಗೆ ಬಂದು ಎರಡು ವರ್ಷ ತುಂಬುವ ಹೊತ್ತಿಗೆ ಮನೆಗೆ ಸವತಿ ಬಂದಳು. ಚರ್ಮದ ಚೀಲದಲ್ಲಿ ಕೂತು, ಧರ್ಮಪುರಿಯಿಂದ ಬಸ್ಸಿನಲ್ಲಿ, ನನ್ನ ಯಜಮಾನರ ತೊಡೆಯ ಮೇಲೆ ಬಂದಳು. ನಾನಾದರೋ ಎತ್ತಿನ ಗಾಡಿಯಲ್ಲಿ, ಅತ್ತೆಯ ಪಕ್ಕ, ರಾಗಿ ಮೂಟೆಗೆ ಒರಗಿಕೊಂಡು ಬಂದವಳು. ಈ ವ್ಯತ್ಯಾಸವನ್ನು ನಾನು ಇವತ್ತಿಗೂ ಮರೆತಿಲ್ಲ.

ಸವತಿ ಅಂದದ್ದು ಕ್ಯಾಮೆರಾವನ್ನು. ಹೆಸರಿಟ್ಟವಳು ನಾನಲ್ಲ, ಬಾವಿಕಟ್ಟೆಯ ಹೆಂಗಸರು. ಒಂದರ ಮೇಲೊಂದು ಎರಡು ಗಾಜಿನ ಕಣ್ಣಿದ್ದ ಹಳೆಯ ಪೆಟ್ಟಿಗೆ ಅದು. ಒಂದು ಕಣ್ಣು ನೋಡುವುದಕ್ಕೆ, ಇನ್ನೊಂದು ಪಟ ಹಿಡಿಯುವುದಕ್ಕೆ. ಮೇಲಿನ ಮುಚ್ಚಳ ತೆಗೆದರೆ ಒಂದು ಮಸುಕು ಗಾಜು. ತಲೆ ಬಗ್ಗಿಸಿ ಆ ಗಾಜಿನೊಳಗೆ ನೋಡಬೇಕು. ನಮ್ಮವರು ಊರಿನ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರು, ಊರಿನವರ ಬಾಯಲ್ಲಿ ವಾದ್ಯಾರು. ಹೆಡ್‌ಮಾಸ್ಟರ ಮುಂದೆಯೂ ತಲೆ ಬಗ್ಗಿಸದ ಮನುಷ್ಯ ಇದರ ಮುಂದೆ ಗಂಟೆಗಟ್ಟಲೆ ಬಗ್ಗಿಸಿಕೊಂಡು ನಿಲ್ಲುತ್ತಿದ್ದರು.

"ನಿನ್ ಸವ್ತಿಗೆ ಚರ್ಮದ್ ರವಿಕೆ ಬೇರೆ ಐತಲ್ಲಮ್ಮಿ! ನಿಂಗೆ ತಂದ್ಕೊಟ್ಟವ್ರಾ ಅಂಥದ್ದು?" ಎಂದು ಆ ಹೆಂಗಸರು ಕೊಡ ತುಂಬುತ್ತಾ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಕೊಡವನ್ನು ಕುಕ್ಕುತ್ತಿದ್ದೆ.

ಹೊಟ್ಟೆ ಉರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಧರ್ಮಪುರಿಯ ಸ್ಟುಡಿಯೋದವರು ಸೇಲಂನಿಂದ ಹೊಸ ಕ್ಯಾಮೆರಾ ತರಿಸಿಕೊಂಡು, ಹಳೆಯದನ್ನು ನಮ್ಮವರ ಸೈಕಲ್ಲಿಗೆ ಬದಲಾಗಿ ಕೊಟ್ಟಿದ್ದರು. ಆ ಸೈಕಲ್ಲು ನನ್ನಪ್ಪ ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು. ಅಂದರೆ ನನ್ನ ಸವತಿಯನ್ನು ಮನೆ ತುಂಬಿಸಿಕೊಂಡದ್ದು ನನ್ನ ತವರಿನ ಉಡುಗೊರೆಯಿಂದ. ಅವರು ಆಮೇಲೆ ಸ್ಕೂಲಿಗೆ ನಡೆದೇ ಹೋದರು. ಕಾಲು ನೋಯುತ್ತದೆ ಎಂದು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ಎಣ್ಣೆ ತಿಕ್ಕುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಮನುಷ್ಯರ ಪಟ ತೆಗೆಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಅವರಿಗೆ ಬೇಕಾಗಿದ್ದದ್ದು ಹಿತ್ತಲಿನ ಹಕ್ಕಿಗಳು. ನಮ್ಮ ಹಿತ್ತಲಿನಲ್ಲಿ ಒಂದು ನುಗ್ಗೆ ಮರ, ಒಂದು ನಿಂಬೆ ಗಿಡ, ಕುರಿಗಳು ನೀರು ಕುಡಿಯುವ ಕಲ್ಲುತೊಟ್ಟಿ, ತೊಟ್ಟಿಯ ಪಕ್ಕ ಕುರಿದೊಡ್ಡಿ ಇತ್ತು. ಆ ಒಣ ಸೀಮೆಯಲ್ಲಿ ಬೇಸಿಗೆಯಲ್ಲಿ ನೀರಿರುವ ತೊಟ್ಟಿ ಅಂದರೆ ಸುತ್ತಲಿನ ಹಕ್ಕಿಗಳಿಗೆಲ್ಲ ನಮ್ಮ ಹಿತ್ತಲೇ ದಿಕ್ಕು. ಪಿಕಳಾರ, ಗೊರವಂಕ, ಕುರಿಗಳ ಬೆನ್ನೇರಿ ಸವಾರಿ ಮಾಡುವ ಕಾಜಾಣ, ತಲೆಯ ಮೇಲೆ ಕಿರೀಟ ಬಿಚ್ಚಿ ಮುಚ್ಚುವ ಚಂದ್ರಮುಕುಟ. ಊರಿನವರಿಗೆ ಇವೆಲ್ಲ ಒಂದೇ, ಕುರುವಿ. ನನ್ನ ಗಂಡನಿಗೆ ಮಾತ್ರ ಒಬ್ಬೊಬ್ಬಳೂ ಬೇರೆ. ಬಾಲದ ಬುಡದಲ್ಲಿ ಕೆಂಪಿರುವ ಪಿಕಳಾರಕ್ಕೆ ನಾನು ಕೆಂಪು ಲಂಗದವಳು ಎಂದು ಹೆಸರಿಟ್ಟಿದ್ದೆ. ಒಂದು ಬೆಳಿಗ್ಗೆ ಅವರು ಕಾಫಿ ಲೋಟ ಹಿಡಿದುಕೊಂಡು, "ಲೇ, ಕೆಂಪ್ ಲಂಗದೋಳು ಇವತ್ತಿನ್ನೂ ಬಂದಿಲ್ಲ" ಎಂದು ಕಳವಳದಿಂದ ಹೇಳಿದರು. ನಾನು ಹಿಂದಿನ ವಾರ ತವರಿಗೆ ಹೋಗಿ ಹೇಳಿದ್ದಕ್ಕಿಂತ ನಾಲ್ಕು ದಿನ ತಡವಾಗಿ ಬಂದಿದ್ದೆ. ಯಾಕೆ ತಡ ಎಂದು ಕೇಳಿದವರು ಅತ್ತೆ ಮಾತ್ರ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಿತ್ತಲಿನದೇ ಮದ್ದು, ಅಡುಗೆಮನೆಯಲ್ಲಿದ್ದದ್ದು ಕಸ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಪಟ. ನಮ್ಮ ಮದುವೆಯಲ್ಲಿ ಫೋಟೋ ತೆಗೆಸಲಿಲ್ಲ. ಬರಬೇಕಾದವನು ಬಸ್ಸು ತಪ್ಪಿಸಿಕೊಂಡ, ಮುಹೂರ್ತ ಕಾಯಲಿಲ್ಲ. ಗಡಿಯಾಚೆ ನನ್ನ ತವರಿನಲ್ಲಿ ಅಕ್ಕಂದಿರಿಬ್ಬರ ಪಟಗಳೂ ಗೋಡೆಯ ಮೇಲಿವೆ, ನನ್ನದಿಲ್ಲ. ಮದುಮಗಳಾಗಿ ನಾನು ಹೇಗಿದ್ದೆ ಎಂಬುದು ಕನ್ನಡಿಗೆ ಮಾತ್ರ ಗೊತ್ತು, ಅದು ಯಾರಿಗೂ ಹೇಳುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ಪಟಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಆ ನೋಟ. ಆ ಗಾಜಿನೊಳಗೆ ಹಕ್ಕಿಯನ್ನು ನೋಡುವಾಗ ಅವರ ಮುಖ ಮೆತ್ತಗಾಗುತ್ತಿತ್ತು, ತುಟಿ ಸ್ವಲ್ಪ ತೆರೆಯುತ್ತಿತ್ತು, ಉಸಿರೇ ನಿಂತಹಾಗೆ ಇರುತ್ತಿದ್ದರು. ತಾಳಿ ಕಟ್ಟುವಾಗಲೂ ನನ್ನನ್ನು ಹಾಗೆ ನೋಡಿರಲಿಲ್ಲ. ಆಗ ಅವರು ನೋಡಿದ್ದು ಗಂಟನ್ನು.

"ನಂದೊಂದ್ ತೆಗೀರಿ" ಎಂದು ಕೇಳಿದೆ.

"ಕೊನೇದು ನಿಂಗೇ ಕಣ್‌ಲೇ" ಅಂದರು.

ಒಂದು ರೋಲಿಗೆ ಹನ್ನೆರಡು ಪಟ. ರೋಲು ಧರ್ಮಪುರಿಯಿಂದ ಬರಬೇಕು, ಅಲ್ಲಿಗೆ ಸೇಲಂನಿಂದ ಬರಬೇಕು. ಒಂದು ರೋಲು ಮುಗಿಯುವುದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಹನ್ನೊಂದು ಮುಗಿಯಿತು ಎಂದು ತಿಳಿದ ದಿನ ನಾನು ತಲೆಗೆ ಸ್ನಾನ ಮಾಡಿ, ಮಲ್ಲಿಗೆ ಮುಡಿದು, ಸ್ಕೂಲು ಬಿಡುವುದನ್ನೇ ಕಾಯುತ್ತಿದ್ದೆ. ಮೊದಲ ರೋಲಿನ ಕೊನೆಯದು ಚಂದ್ರಮುಕುಟದ ಪಾಲಾಯಿತು. ಎರಡನೆಯ ರೋಲಿನದು ತೊಟ್ಟಿಯಲ್ಲಿ ಮೀಯುತ್ತಿದ್ದ ಗೊರವಂಕದ ಪಾಲಾಯಿತು. "ಅಂಗ್ ಮೀಯೋದು ಮತ್ತೆ ಸಿಕ್ತದಾ?" ಎಂದು ನನ್ನನ್ನೇ ಕೇಳಿದರು. ನಾನೂ ಮಿಂದೇ ಬಂದಿದ್ದೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ, ಗಂಡನ ಮೇಲಿನ ಕೋಪವನ್ನು ನಾನು ಹಕ್ಕಿಗಳ ಮೇಲೆ ತೀರಿಸಿಕೊಂಡೆ. ಅವರು ಹಿತ್ತಲಲ್ಲಿ ಕೂತಾಗಲೇ ಹಿತ್ತಾಳೆ ತಪ್ಪಲೆ ಬೆಳಗುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಸೀರೆ ಒಗೆದು ನಿಂಬೆ ಗಿಡದ ಪಕ್ಕ ಹರವುತ್ತಿದ್ದೆ. ಅವರು ಬೈಯಲಿಲ್ಲ, ಕೈ ಮುಗಿದರು. ಬೈದಿದ್ದರೆ ಚೆನ್ನಾಗಿತ್ತು.

ನನಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಹಕ್ಕಿಗಳೇ. ಆ ಪೆಟ್ಟಿಗೆ ದೂರದ್ದನ್ನು ಹತ್ತಿರ ತೋರಿಸುವುದಿಲ್ಲ. ಪಟದಲ್ಲಿ ಹಕ್ಕಿ ಹಕ್ಕಿಯ ಹಾಗೆ ಕಾಣಬೇಕಾದರೆ ಕೈಗೆಟಕುವಷ್ಟು ಹತ್ತಿರವಿರಬೇಕು. ಇವರು ಹತ್ತಿರ ಹೋದರೆ ಅವು ಹಾರುತ್ತಿದ್ದವು. ಮೊದಲ ಪಟಗಳಲ್ಲೆಲ್ಲ ತೊಟ್ಟಿಯ ಅಂಚಿನ ಮೇಲೆ ಸಾಸಿವೆ ಕಾಳಿನ ಹಾಗೆ ಏನೋ ಒಂದು. ಆಗ ಅವರಿಗೆ ತಾವು ಕುರಿ ಕಾಯುತ್ತಿದ್ದ ದಿನಗಳ ನೆನಪಾಯಿತು. ನಮ್ಮ ಕುರಿ ಕಾಯುವ ಗಂಡಸರು ಬಯಲಿನಲ್ಲಿ ಕರಿ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಕೂರುತ್ತಾರೆ. ಹಾಗೆ ಕೂತವನು ಹಕ್ಕಿಗಳ ಲೆಕ್ಕದಲ್ಲಿ ಒಂದು ಬಂಡೆ, ಇಲ್ಲವೇ ಮಲಗಿದ ಕುರಿ. ಹೆದರದೆ ಪಕ್ಕಕ್ಕೇ ಬಂದು ಹುಳ ಹೆಕ್ಕುತ್ತವೆ.

ಮನೆಯಲ್ಲಿ ಎರಡೇ ಕಂಬಳಿ. ಒಂದು ಮಾವನ ಹೆಗಲ ಮೇಲೆ, ಮಂದೆಯ ಹಿಂದೆ. ಇನ್ನೊಂದು ನನ್ನ ಪೆಟ್ಟಿಗೆಯಲ್ಲಿ.

ಆ ಎರಡನೆಯದರ ವಿಷಯ ಹೇಳಬೇಕು. ನಮ್ಮಲ್ಲಿ ಗಂಡು ಹೆಣ್ಣನ್ನು ಹೊಸ ಕರಿ ಕಂಬಳಿಯ ಮೇಲೆ ಕೂರಿಸಿ ಧಾರೆ ಎರೆಯುತ್ತಾರೆ. ಆಮೇಲೆ ಅದನ್ನು ಯಾರೂ ಹೊದೆಯುವಂತಿಲ್ಲ. ಬೇವಿನ ಸೊಪ್ಪು ಹಾಕಿ ಮಡಿಸಿಟ್ಟು, ಮಗುವಿಗೆ ಹೆಸರಿಡುವ ದಿನ ಮತ್ತೆ ಹಾಸುತ್ತಾರೆ. ಕಬ್ಬಿಣ ಸೋಕಿಸಬಾರದು. ದಾರ ಬಿಟ್ಟರೂ ಕೈಯಲ್ಲೇ ಗಂಟು ಹಾಕಬೇಕು. ಇಷ್ಟೆಲ್ಲ ತಿಳಿದ ಮನೆಯ ಮಗ, ಒಂದು ಶನಿವಾರ ನಾನು ಅತ್ತೆಯ ಜೊತೆ ಮೊರಪ್ಪೂರಿನ ಸಂತೆಗೆ ಹೋಗಿದ್ದಾಗ, ನನ್ನ ಪೆಟ್ಟಿಗೆ ತೆಗೆದು ಧಾರೆ ಕಂಬಳಿಯನ್ನು ಹೊರಗೆಳೆದು ಅದರ ನಡುವೆ ಕತ್ತರಿಯಿಂದ ತೂತು ಕೊರೆದರು. ಒಂದಲ್ಲ, ಎರಡು. ಸವತಿಗೆ ಎರಡು ಕಣ್ಣಲ್ಲವೇ.

ನಾವು ಸಂತೆಯಿಂದ ಬಂದಾಗ ಹಿತ್ತಲಿನಲ್ಲಿ ಒಂದು ಕರಿ ಗುಡ್ಡೆ ಕೂತಿತ್ತು, ಅದರ ಎದೆಯಲ್ಲಿ ಎರಡು ಗಾಜು ಮಿನುಗುತ್ತಿತ್ತು. ಅಂಚು ನೋಡಿ ನಾನು ಕಂಬಳಿಯ ಗುರುತು ಹಿಡಿದೆ. ಕೈಯಲ್ಲಿದ್ದ ಚೀಲ ಜಾರಿ ಬದನೆಕಾಯಿ ಉರುಳಿತು. ಮೊದಲು ಬಾಯಿ ತೆರೆದವರು ಅತ್ತೆ.

"ಅಯ್ಯೋ ಪಾಪಿ, ಕೊಯ್ದ್‌ಬುಟ್ಯಾ! ಧಾರೆ ಕಂಬ್ಳೀನ ಕೊಯ್ದ್‌ಬುಟ್ಯಾ!" ಎಂದು ಎದೆ ಬಡಿದುಕೊಂಡರು. ನನಗೆ ಒಳಗೇ ಸಮಾಧಾನವಾಯಿತು, ಕೊನೆಗೂ ನನ್ನ ಪರವಾಗಿ ಒಬ್ಬರು ಎಂದು. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು. "ಕತ್ರಿ ಯಾರ್ದಮ್ಮಿ? ನಿಂದ್ ತಾನೇ? ಅವನ್ ಕಣ್ಣಿಗ್ ಕಾಣೋ ಅಂಗೆ ಯಾಕಿಕ್ಕಿದ್ದೆ?"

ಕಂಬಳಿಯ ಗುಡ್ಡೆ ಅಲ್ಲಾಡಲೇ ಇಲ್ಲ. ಒಳಗಿನಿಂದ ಪಿಸುದನಿ ಬಂತು: "ಸುಮ್ನಿರಿ, ತೊಟ್ಟಿ ಮ್ಯಾಲೆ ಕೂತೈತೆ."

ಅವತ್ತು ರಾತ್ರಿ ನಾನು ಉಣ್ಣಲಿಲ್ಲ. ಅವರು ಕಂಬಳಿಯನ್ನು ಮಡಿಸಿ ತಂದು ನನ್ನ ಪಕ್ಕ ಇಟ್ಟು, "ಮಗುಗೆ ಎಸ್ರಿಕ್ಕೋವಾಗ ತೂತ್ ಕಾಣದಂಗೆ ಹಾಸೋಣ" ಅಂದರು. ಆ ಮಾತಿಗೆ ನನಗೆ ನಗು ಬಂದುಬಿಟ್ಟಿತು, ನಕ್ಕಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕಂಬಳಿಯಿಂದ ಪಟಗಳು ಮಾತ್ರ ಸೊಗಸಾಗಿ ಬಂದವು, ಅದನ್ನು ಇಲ್ಲವೆನ್ನುವುದಿಲ್ಲ. ಪಿಕಳಾರದ ಜುಟ್ಟಿನ ಒಂದೊಂದು ಗರಿಯೂ ಕಾಣುತ್ತಿತ್ತು. ಧರ್ಮಪುರಿಯ ಸ್ಟುಡಿಯೋದವರು ಒಂದನ್ನು ದೊಡ್ಡದು ಮಾಡಿ ತಮ್ಮ ಗಾಜಿನ ಕಪಾಟಿನಲ್ಲಿ ಮದುಮಕ್ಕಳ ಪಟಗಳ ನಡುವೆ ಇಟ್ಟರು. ಅಂದರೆ ಮದುಮಗಳ ಜಾಗದಲ್ಲಿ ಕೂಡ ಕೆಂಪು ಲಂಗದವಳೇ ಕೂತಳು.

ಚಳಿಗಾಲದ ಒಂದು ದಿನ ಅವರೇ ಬಂದು, "ಬಾ, ಇವತ್ ನಿಂದೇ. ಕೊನೇದು" ಅಂದರು. ನಾನು ನಂಬಲಿಲ್ಲ. ಆದರೂ ರೇಷ್ಮೆ ಸೀರೆ ಉಟ್ಟೆ, ಕಿವಿಗೆ ಅಮ್ಮ ಕೊಟ್ಟ ಕೆಂಪು ಕಲ್ಲಿನ ಓಲೆ ಹಾಕಿಕೊಂಡೆ. ನಿಂಬೆ ಗಿಡದ ಮುಂದೆ ನಿಲ್ಲಿಸಿದರು. ತಲೆ ಬಗ್ಗಿಸಿ ಗಾಜು ನೋಡಿದರು. ಗುಬಟು ತಿರುಗಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲು ಅದು ವಾದ್ಯಾರ ಮುಖವಾಗಿತ್ತು, ಸರಿಯಾಗಿ ನಿಲ್ಲು ಎನ್ನುವ ಮುಖ. ಆಮೇಲೆ ನಿಧಾನವಾಗಿ ಮೆತ್ತಗಾಯಿತು. ತುಟಿ ತೆರೆಯಿತು. ಉಸಿರು ನಿಂತಿತು.

"ಅಲ್ಲಾಡ್‌ಬ್ಯಾಡ" ಅಂದರು, ದನಿಯೇ ಇಲ್ಲದ ದನಿಯಲ್ಲಿ. "ಅಂಗೇ ಇರು."

ಇದ್ದೆ. ಅಷ್ಟು ಸುಖವಾಗಿ ನಾನು ಯಾವತ್ತೂ ಇದ್ದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೆ ಕೈ ಅಲ್ಲಾಡುತ್ತದೆಂದು ಹಾಗೇ ಬಿಟ್ಟೆ. ಟಕ್ ಎಂದಿತು. ನನ್ನ ಹಿಂದೆ ಪಟಪಟ ಎಂದು ಏನೋ ಹಾರಿಹೋಯಿತು.

ಪಟ ತರಲು ನಾನೂ ಅವರ ಜೊತೆ ಧರ್ಮಪುರಿಗೆ ಹೋದೆ, ಹಟ ಮಾಡಿ. ಸ್ಟುಡಿಯೋದವರು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. "ಸೂಪ್ಪರ್ ಸಾರ್! ವಾಲ್ ನಲ್ಲಾ ವಿಳುಂದಿರುಕ್ಕು. ಆನಾ ಮೂಲೈಲ ಏದೋ ಕಾದು ವಂದಿರುಕ್ಕು. ವೆಟ್ಟಿಡಲಾಮಾ?" ಅಂದರು. ಬಾಲ ಚೆನ್ನಾಗಿ ಬಿದ್ದಿದೆ, ಆದರೆ ಮೂಲೆಯಲ್ಲಿ ಯಾವುದೋ ಕಿವಿ ಬಂದುಬಿಟ್ಟಿದೆ, ಕತ್ತರಿಸಿಬಿಡೋಣವೇ ಎಂದು ಕೇಳುತ್ತಿದ್ದರು. ನಿಂಬೆ ಗಿಡದ ಕೊಂಬೆಯ ಮೇಲೆ ಬೆಳ್ಳಗೆ ಒಂದು ಹಕ್ಕಿ, ರಿಬ್ಬನ್ನಿನಂಥ ಉದ್ದ ಬಾಲ. ಕೆಳಗಿನ ಮೂಲೆಯಲ್ಲಿ ನನ್ನ ಒಂದು ಕಿವಿ, ಕೆಂಪು ಕಲ್ಲಿನ ಓಲೆ. ಅದೇ ಓಲೆ ಹಾಕಿಕೊಂಡು ನಾನು ಆ ಮನುಷ್ಯನ ಎದುರಿಗೇ ನಿಂತಿದ್ದೆ.

"ವೇಂಡಾಂ, ಇರ್ಲಿ" ಅಂದರು ನಮ್ಮವರು. ಕಿವಿಗೆ ಅಷ್ಟು ಮರ್ಯಾದೆ ಕೊಟ್ಟರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವರು ವಿವರಿಸುತ್ತಿದ್ದರು: ಆ ಹಕ್ಕಿ ನಮ್ಮ ಸೀಮೆಯದಲ್ಲ, ಚಳಿಗಾಲದಲ್ಲಿ ಎಲ್ಲಿಂದಲೋ ಬಂದು ಹೋಗುವಂಥದ್ದು, ಮತ್ತೆ ಬರುತ್ತದೋ ಇಲ್ಲವೋ. ನಾನು ಎಲ್ಲಿಗೂ ಹೋಗುವವಳಲ್ಲ ಎಂಬ ಧೈರ್ಯ ಅವರಿಗೆ. ನಾನು ಕಿಟಕಿಯ ಹೊರಗೆ ನೋಡುತ್ತಾ, ಆ ಬಿಳಿ ಬಾಲದವಳು ದಾರಿಯಲ್ಲಿ ಗಿಡುಗನ ಬಾಯಿಗೆ ಬೀಳಲಿ ಎಂದು ಮನಸಾರೆ ಶಪಿಸಿದೆ.

ಬೇಸಿಗೆ ಬಂತು. ನಿಂಬೆ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿ ಮರಿ ಮಾಡಿತು. ಕ್ಯಾಮೆರಾವನ್ನು ಒರಳುಕಲ್ಲಿನ ಮೇಲೆ ಕೂರಿಸಿ, ಮೇಲೆ ಕಂಬಳಿ ಹೊದಿಸಿ, ತಾವೂ ಒಳಗೆ ಸೇರಿಕೊಂಡು ಮೂರು ದಿನ ಕೂತರು. ಹನ್ನೊಂದು ಮುಗಿಯಿತು. ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆಯೇ ಮಾವ ಕರೆದರೆಂದು ಕುರಿಗೆ ಔಷಧ ಕುಡಿಸಲು ಹೊಲದ ಕಡೆ ಹೋದರು. ಹೋಗುವಾಗ, "ಆ ಕಡೆ ಸೀರೆ ಒಣಗಾಕ್‌ಬ್ಯಾಡ, ಒಂದು ಉಳ್ದೈತೆ" ಎಂದು ಹೇಳಿ ಹೋದರು.

ಒಂದು ಉಳಿದಿದೆ. ಯಾರದು ಆ ಒಂದು? ಕೊನೆಯದು ನಿನಗೇ ಎಂದು ಎಷ್ಟು ರೋಲಿನಿಂದ ಹೇಳುತ್ತಾ ಬಂದಿದ್ದಾರೆ? ನನ್ನದನ್ನು ನಾನೇ ತೆಗೆದುಕೊಳ್ಳುತ್ತೇನೆ, ಗೋಡೆಯ ಪಟವಾದರೂ ಸರಿ, ಆಕಾಶದ ಪಟವಾದರೂ ಸರಿ, ಕೆಂಪು ಲಂಗದವಳಿಗಂತೂ ಸಿಗಬಾರದು ಎಂದು ಸೆರಗು ಸಿಕ್ಕಿಸಿಕೊಂಡು ಕಂಬಳಿಯೊಳಗೆ ನುಗ್ಗಿದೆ.

ಒಳಗೆ ಕತ್ತಲೆ, ಸೆಕೆ. ಉಣ್ಣೆಯ ವಾಸನೆಯ ಜೊತೆ ಅವರ ಬೆವರಿನ ವಾಸನೆ. ಮುಚ್ಚಳ ತೆಗೆದೆ. ಆ ಕತ್ತಲಲ್ಲಿ ಗಾಜು ಬೆಳಗಿತು, ಅದರೊಳಗೆ ನಮ್ಮ ಹಿತ್ತಲು. ಗೂಡು, ಎಲೆ, ತೊಟ್ಟಿ ಎಲ್ಲವೂ ಎಡ ಬಲ ಅದಲುಬದಲಾಗಿ. ಪಿಕಳಾರ ಬಾಯಲ್ಲಿ ಮಿಡತೆ ಕಚ್ಚಿಕೊಂಡು ಬಂದಿತು. ಮರಿಗಳು ಬಾಯಿ ತೆರೆದವು. ಚೆನ್ನಾಗಿತ್ತು, ಯಾಕೆ ಸುಳ್ಳು ಹೇಳಲಿ? ಆದರೆ ಗಂಡನನ್ನು ಬಿಟ್ಟುಕೊಡುವಷ್ಟು ಚೆನ್ನಾಗಿರಲಿಲ್ಲ.

ಆಗ ಗಾಜಿನ ಅಂಚಿನಲ್ಲಿ ಏನೋ ಅಲ್ಲಾಡಿತು. ಅವರು ಹೊಲದಿಂದ ಬಂದು ಹಿತ್ತಲ ಬೇಲಿ ದಾಟಿ ತೊಟ್ಟಿಯ ಹತ್ತಿರ ಬಂದಿದ್ದರು. ಗೂಡಿನ ಮೇಲೆ ಹಕ್ಕಿ ಕಂಡದ್ದೇ ಅಲ್ಲೇ ನಿಂತುಬಿಟ್ಟರು, ಒಂದು ಕಾಲು ಮುಂದೆ, ಕೈಯಲ್ಲಿ ಔಷಧದ ಬಿದಿರು ಗೊಟ್ಟ. ಕಂಬಳಿಯ ಕಡೆ ನೋಡಲೇ ಇಲ್ಲ. ಗಾಜಿನಲ್ಲಿ ಅವರು ಕಂಡ ಕಡೆಗೆ ಪೆಟ್ಟಿಗೆಯನ್ನು ತಿರುಗಿಸಿದರೆ ಅವರು ಇನ್ನೂ ದೂರ ಹೋದರು. ಎಡ ಬಲ ಅದಲುಬದಲಲ್ಲವೇ, ಎದುರು ಕಡೆಗೆ ತಿರುಗಿಸಿದೆ, ಬಂದರು. ಗುಬಟು ತಿರುಗಿಸಿದೆ, ಮುಖ ತಿಳಿಯಾಯಿತು. ಅದೇ ಮುಖ. ಮೆತ್ತಗೆ, ತುಟಿ ತೆರೆದು, ಉಸಿರು ಹಿಡಿದು. ಗಾಜಿನಲ್ಲಿ ಉಗುರಿನಷ್ಟಾಗಿ, ನನ್ನ ಗಲ್ಲದ ಕೆಳಗೆ, ನನ್ನೊಬ್ಬಳಿಗೇ. ನಾನು ಒತ್ತಿದೆ.

ಟಕ್ ಎಂದದ್ದೇ ಹಕ್ಕಿ ಹಾರಿತು. ಅವರು ಬೆಚ್ಚಿ, "ಯಾರ್ಲಾ ಅದು ಒಳ್ಗೆ?" ಎಂದು ಕೂಗಿದರು. ಕೆದರಿದ ಕೂದಲಿಗೆ ಉಣ್ಣೆ ಅಂಟಿಸಿಕೊಂಡು ನಾನು ಹೊರಬಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಕಣ್ಣು ಹೊಳೆಯುತ್ತಿತ್ತು.

"ಸಿಕ್ತಾ?" ಎಂದು ಕೇಳಿದರು.

"ಸಿಕ್ತು" ಅಂದೆ.

ಆ ಸಲ ಧರ್ಮಪುರಿಗೆ ಅವರೊಬ್ಬರೇ ಹೋದರು. ಸಂಜೆ ಬಂದು ಪಟಗಳ ಕವರನ್ನು ಒಲೆಯ ಪಕ್ಕ ಇಟ್ಟು, ಕೊನೆಯದನ್ನು ಮಾತ್ರ ಕೈಯಲ್ಲಿ ಹಿಡಿದು ಕೂತರು. ನಾನು ಮುದ್ದೆ ತೊಳಸುತ್ತಿದ್ದೆ.

"ಕುರುವಿ ಎಲ್ಲಿ ಇದ್ರಲ್ಲಿ?" ಅಂದರು.

"ಕುರುವಿ ಯಾರಿಗ್ ಬೇಕು?"

ಪಟವನ್ನು ಒಲೆಯ ಬೆಳಕಿಗೆ ಹಿಡಿದರು. "ನಾನು ಇಂಗ್ ನೋಡ್ತೀನಾ?"

"ನೋಡ್ತೀರಿ. ಅವ್ಳುನ್ನ. ನನ್ನಲ್ಲ." ಕೋಲನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ.

ಮಾರನೆಯ ದಿನವೇ ಹೊಸ ರೋಲು ಹಾಕಿದರು. ಮೊದಲನೆಯದೇ ನಿನಗೆ, ಬಾ ಅಂದರು. ನಾನು ಹೋಗಲಿಲ್ಲ. ಕೇಳಿ ಇಸ್ಕೊಂಡ ನೋಟ ನಂಗ್ ಬ್ಯಾಡ ಅಂದೆ. ಎರಡು ದಿನ ಕಾದು ಅದನ್ನು ಕಾಜಾಣಕ್ಕೆ ಕೊಟ್ಟರು. ಇನ್ನೂ ಎರಡು ದಿನ ಕಾಯಬಹುದಿತ್ತು. ನಾನು ಬರುತ್ತಿದ್ದೆ.

ಆಮೇಲೆ ಮಕ್ಕಳಾದರು, ಕಂಬಳಿಯ ತೂತು ಕಾಣದ ಹಾಗೆ ಹಾಸಿ ಹೆಸರಿಟ್ಟೆವು. ಕ್ಯಾಮೆರಾದ ಒಳಗೆ ತುಕ್ಕು ಹಿಡಿದು ಅದು ಅಟ್ಟ ಸೇರಿತು. ಪೆಟ್ಟಿಗೆ ಇಲ್ಲದಿದ್ದರೂ ಅವರು ಹಿತ್ತಲಿಗೆ ಹೋಗಿ ಕೂರುವುದನ್ನು ಬಿಡಲಿಲ್ಲ, ನಾನು ತಪ್ಪಲೆ ಬೆಳಗುವುದನ್ನೂ ಬಿಡಲಿಲ್ಲ.

ಅವರು ಹೋದಾಗ ಹನ್ನೊಂದನೆಯ ದಿನದ ಕಾರ್ಯಕ್ಕೆ ಒಂದು ಪಟ ಬೇಕಾಯಿತು. ಮಕ್ಕಳು ಮನೆಯೆಲ್ಲ ಹುಡುಕಿದರು. ಸಿಕ್ಕಿದ್ದೆಲ್ಲ ಹಕ್ಕಿ. ಪಟ ತೆಗೆಯುವವನ ಪಟವನ್ನು ಯಾರು ತೆಗೆಯುತ್ತಾರೆ? ಕೊನೆಗೆ ನಾನೇ ಪೆಟ್ಟಿಗೆಯ ತಳದಿಂದ ಅದನ್ನು ತೆಗೆದುಕೊಟ್ಟೆ. "ಅಪ್ಪ ನೇರ ನೋಡ್ತಿಲ್ವಲ್ಲಮ್ಮ, ಸೈಡ್‌ಗೆ ಎಲ್ಲೋ ನೋಡ್ತಾ ಅವ್ರೆ" ಎಂದ ಮಗ. ಬೇರೆ ಇರಲಿಲ್ಲ, ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿ ನಡುಮನೆಯಲ್ಲಿ ತೂಗುಹಾಕಿದರು. ಬಂದವರೆಲ್ಲ, ವಾದ್ಯಾರ ಮುಖದಲ್ಲಿ ಎಂಥ ಶಾಂತಿ ಅಂದರು.

ನಾನು ಅದರ ಎದುರಿಗೆ ಮಂಚ ಹಾಕಿಸಿಕೊಂಡಿದ್ದೆ. ಎದುರಿಗೆ ಮಲಗಿದರೆ ಅವರು ನನ್ನನ್ನು ನೋಡುವುದಿಲ್ಲ. ಎಡಗಡೆಗೆ, ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯನ್ನು ನೋಡುತ್ತಾರೆ. ಹಾರ ಬಾಡಿ ಅದನ್ನು ತೆಗೆದ ದಿನ, ಮಕ್ಕಳು ಕೆಲಸಕ್ಕೆ ಹೋದ ಮೇಲೆ, ಮಂಚವನ್ನು ನಾನೊಬ್ಬಳೇ ಎಳೆದು ಆ ಮೂಲೆಗೆ ಹಾಕಿಕೊಂಡೆ. ಮಲಗಿ ನೋಡಿದೆ. ಇನ್ನೊಂದು ಗೇಣು ಎಳೆದೆ. ಈಗ ಸರಿಯಾಯಿತು.

ಸಂಜೆ ಸೊಸೆ ಬಂದು, "ಅಲ್ಯಾಕತ್ತೆ, ಅಲ್ಲಿಗೆ ಫ್ಯಾನ್ ಗಾಳಿನೇ ಬರಲ್ವಲ್ಲ" ಅಂದಳು. ಬರದಿದ್ದರೆ ಬೇಡ ಬಿಡು ಅಂದೆ.